ಅಡ್ಡಹೆಸರು ಕೇಳುವ ಮುನ್ನ



ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡಗಳ ಕಡೆ ಹೊಸಬರೊಬ್ಬರು ಬಾಡಿಗೆಗೆ ಖೋಲಿ ಕೇಳಿಕೊಂಡು ಬಂದರೆ ಮನೆಯವರು ಮೊದಲು ವಿಚಾರಿಸುವುದು ನೌಕರಿಯನ್ನಲ್ಲ, ಊರನ್ನೂ ಅಲ್ಲ. ‘ನಿಮ್ಮ ಅಡ್ಡಹೆಸರ ಏನ್ರಿ?’ ಎಂಬುದೇ ಮೊದಲ ಪ್ರಶ್ನೆ. ಕೇಳುವ ದನಿಯಲ್ಲಿ ಸೌಜನ್ಯವಿರುತ್ತದೆ; ಕುಡಿಯಲು ನೀರೂ ಬಂದಿರುತ್ತದೆ. ಆದರೆ ಖೋಲಿ ಖಾಲಿಯಿದೆಯೋ ಇಲ್ಲವೋ ಎಂಬುದು ಉತ್ತರ ಬಂದ ಮೇಲಷ್ಟೇ ತೀರ್ಮಾನವಾಗುತ್ತದೆ. ಹೀಗೆ ಕೇಳುವವರು ದುಷ್ಟರೇನಲ್ಲ. ನಿತ್ಯವೂ ಇಷ್ಟಲಿಂಗಪೂಜೆ ಮಾಡುವವರು, ಮಠದ ದಾಸೋಹಕ್ಕೆ ಜೋಳದ ಚೀಲ ಕಳಿಸುವವರು. ಪೂರ್ವಗ್ರಹವೆಂಬುದು ಕ್ರೂರಿಗಳ ಮನೆಯಲ್ಲಿ ಮಾತ್ರ ವಾಸಿಸುವುದಾಗಿದ್ದರೆ ಅದರ ಬಗೆಗೆ ನಾವು ಇಲ್ಲಿ ಬರೆಯುವ ಕಾರಣವೇ ಇರುತ್ತಿರಲಿಲ್ಲ.

2025ರ ಜೂನ್ ತಿಂಗಳಲ್ಲಿ ಇಟಲಿಯ ಮಿಲಾನ್ ನಗರದಲ್ಲಿ ಪ್ರಾಡಾ ಎಂಬ ಹೆಸರಾಂತ ಸಂಸ್ಥೆಯು ಕೊಲ್ಹಾಪುರಿ ಚಪ್ಪಲಿಯನ್ನೇ ಹೋಲುವ ಪಾದರಕ್ಷೆಗಳನ್ನು, ಮೂಲದ ಹೆಸರು ಹೇಳದೆ, ಪ್ರದರ್ಶನಕ್ಕಿಟ್ಟಿತು. ಟೀಕೆಗಳು ಬಂದ ಮೇಲೆ ಅದರ ಭಾರತೀಯ ಮೂಲವನ್ನು ಒಪ್ಪಿಕೊಂಡಿತು. ಆಗ ಮಹಾರಾಷ್ಟ್ರದವರು ‘ಇದು ನಮ್ಮದು’ ಎಂದರು. ನಮ್ಮ ರಾಜ್ಯದ ಸಚಿವರಾದ ಪ್ರಿಯಾಂಕ್ ಖರ್ಗೆಯವರು ಅಥಣಿ, ನಿಪ್ಪಾಣಿ, ಚಿಕ್ಕೋಡಿ, ರಾಯಬಾಗಗಳ ಕುಶಲಕರ್ಮಿಗಳ ಪಾಲನ್ನು ನೆನಪಿಸಿಕೊಟ್ಟರು. ಅದು ನ್ಯಾಯವಾದ ಮಾತು. 2019ರಲ್ಲಿ ದೊರೆತ ಭೌಗೋಳಿಕ ಸೂಚಿಕೆಯಲ್ಲಿ ಅತ್ತ ನಾಲ್ಕು ಜಿಲ್ಲೆಗಳಿದ್ದರೆ ಇತ್ತ ಬೆಳಗಾವಿ, ಧಾರವಾಡ, ಬಾಗಲಕೋಟೆ, ವಿಜಯಪುರಗಳೂ ಇವೆ. ಆ ದಿನಗಳಲ್ಲಿ ನಮ್ಮ ಭಾಗದ ಕಟ್ಟೆಕಟ್ಟೆಗಳ ಮೇಲೂ ‘ನಮ್ಮ ಅಥಣಿ ಚಪ್ಪಲಿ’ ಎಂಬ ಅಭಿಮಾನದ ಮಾತು ಕೇಳಿಬಂದಿತು.

ಚಪ್ಪಲಿ ನಮ್ಮದಾಯಿತು. ಅದನ್ನು ಮಾಡುವ ಸಮಗಾರರು? ಜಾಲಿಯ ತೊಗಟೆ, ಅಣಲೆಕಾಯಿಗಳಿಂದ ತೊಗಲನ್ನು ಹದಮಾಡಿ, ಅಟ್ಟೆ ಕತ್ತರಿಸಿ, ದಾರದ ಬದಲು ತೊಗಲಿನ ಎಳೆಯಿಂದಲೇ ಹೊಲಿಯುವ ವಿದ್ಯೆ ಅವರದು. ಹೆಣೆಯುವ ಸೂಕ್ಷ್ಮ ಕೆಲಸ ಬಹುಪಾಲು ಹೆಣ್ಣುಮಕ್ಕಳ ಕೈಯದು. ಆ ತಾಯಂದಿರಲ್ಲಿ ಒಬ್ಬರು ಖೋಲಿ ಕೇಳಿಕೊಂಡು ಬಂದರೆ ‘ನಮ್ಮ’ ಎಂಬ ಮಾತು ಎಷ್ಟು ಬೇಗ ಕಿರಿದಾಗುತ್ತದೆಂಬುದನ್ನು ವಾಚಕರು ಬಲ್ಲರು.

ಹೀಗೆ ಹಿಗ್ಗುವ, ಕುಗ್ಗುವ ಈ ‘ನಾವು’ ಎಂಬುದನ್ನು ಮನಃಶಾಸ್ತ್ರಜ್ಞರು ಪರೀಕ್ಷಿಸಿ ನೋಡಿದ್ದಾರೆ. ಹಿಟ್ಲರನ ಕಾಲದಲ್ಲಿ ತಮ್ಮವರನ್ನೆಲ್ಲ ಕಳೆದುಕೊಂಡ ಪೋಲೆಂಡಿನ ಯಹೂದಿ ಹೆನ್ರಿ ತಾಜ್ಫೆಲ್ ಅವರು ಇಂಗ್ಲೆಂಡಿನ ಬ್ರಿಸ್ಟಲ್‌ನಲ್ಲಿ ಶಾಲಾ ಹುಡುಗರ ಮೇಲೆ ನಡೆಸಿದ ಪ್ರಯೋಗವನ್ನು 1970ರಲ್ಲಿ ಪ್ರಕಟಿಸಿದರು. ಇಬ್ಬರು ಚಿತ್ರಕಾರರಲ್ಲಿ ಯಾರ ಚಿತ್ರ ಮೆಚ್ಚಿಗೆಯಾಯಿತೆಂಬ ನೆಪದಿಂದ ಹುಡುಗರನ್ನು ಎರಡು ಗುಂಪು ಮಾಡಿ, ಉಳಿದವರಿಗೆ ಹಣ ಹಂಚಲು ಹೇಳಿದರು. ತನ್ನ ಗುಂಪಿನಲ್ಲಿ ಯಾರಿದ್ದಾರೆಂಬುದೇ ಯಾರಿಗೂ ತಿಳಿದಿರಲಿಲ್ಲ. ಹಳೆಯ ದ್ವೇಷವಿಲ್ಲ, ಸ್ವಂತ ಲಾಭವೂ ಇಲ್ಲ. ಆದರೂ ಹುಡುಗರು ತಮ್ಮ ಗುಂಪಿನವರಿಗೇ ಹೆಚ್ಚು ಕೊಟ್ಟರು. ಅಷ್ಟೇ ಅಲ್ಲ, ತಮ್ಮವರಿಗೆ ಸಿಗುವುದು ಕಡಿಮೆಯಾದರೂ ಚಿಂತೆಯಿಲ್ಲ, ಆ ಗುಂಪಿಗಿಂತ ಹೆಚ್ಚಿದ್ದರೆ ಸಾಕು ಎಂಬ ಒಲವೂ ಕಂಡಿತು. ಒಂದು ಚಿತ್ರದ ನೆಪವೇ ಇಷ್ಟು ಮಾಡಬಲ್ಲುದಾದರೆ, ತೊಟ್ಟಿಲಲ್ಲಿಯೇ ಅಂಟಿಕೊಂಡ ಅಡ್ಡಹೆಸರಿನ ಬಲವೆಷ್ಟು!

‘ನಮ್ಮಲ್ಲಿ ಭೇದವೆಲ್ಲಿದೆ? ಮಠದಲ್ಲಿ ಎಲ್ಲರೂ ಒಂದೇ ಪಂಕ್ತಿಯಲ್ಲಿ ಉಣ್ಣುವುದಿಲ್ಲವೇ?’ ಎಂದು ಕೇಳುವವರುಂಟು. ಪಂಕ್ತಿ ದೊಡ್ಡದು, ಒಪ್ಪೋಣ. ಆದರೆ ಅಮೆರಿಕದ ಓಕ್ಲಹೋಮಾದಲ್ಲಿ 1954ರಲ್ಲಿ ಮುಜಫರ್ ಶೆರೀಫ್ ಎಂಬ ವಿದ್ವಾಂಸರು ಶಿಬಿರದಲ್ಲಿ ಎರಡು ತಂಡವಾಗಿ ಕಚ್ಚಾಡುತ್ತಿದ್ದ ಹುಡುಗರನ್ನು ಒಟ್ಟಿಗೆ ಉಣ್ಣಲು ಕೂಡಿಸಿದಾಗ ಅವರು ಅನ್ನವನ್ನೇ ಒಬ್ಬರ ಮೇಲೊಬ್ಬರು ಎಸೆದರು. ಮನಸ್ಸು ತಿರುಗಿದ್ದು ಶಿಬಿರಕ್ಕೆ ನೀರು ನಿಂತಾಗ. ಎರಡೂ ತಂಡಗಳು ಕೂಡಿ ದುಡಿಯದೆ ನೀರು ಬಾರದೆಂದಾದಾಗ. ಇಂಥ ಕೆಲಸಗಳು ಒಂದರ ಮೇಲೊಂದು ಬಂದಂತೆ ಹಗೆ ಕರಗಿತು. 2019ರ ಆಗಸ್ಟ್‌ನಲ್ಲಿ ಕೃಷ್ಣೆ, ದೂಧಗಂಗೆ, ವೇದಗಂಗೆಗಳು ಊರೊಳಗೆ ನುಗ್ಗಿದಾಗ ಅಡ್ಡಹೆಸರು ಕೇಳದೆ ಕೈಹಿಡಿದು ಎತ್ತಿದವರನ್ನು ನಾವೂ ಕಂಡಿದ್ದೇವೆ. ನೆರೆ ಇಳಿಯಿತು, ಓಣಿಗಳು ಮತ್ತೆ ತಮ್ಮ ತಮ್ಮ ಓಣಿಗಳಾದವು. ಒಮ್ಮೆಯ ಆಪತ್ತು ಸಾಲದು. ಕೂಡಿ ದುಡಿಯುವುದು ನಿತ್ಯದ್ದಾಗಬೇಕು, ಸರಿಸಮರಾಗಿ ದುಡಿಯಬೇಕು. ಆಲ್ಪೋರ್ಟ್ ಎಂಬ ಪಂಡಿತರು ಅದೇ 1954ರಲ್ಲಿ ಹೊರತಂದ ಗ್ರಂಥದಲ್ಲಿ ಇದನ್ನೇ ಒತ್ತಿ ಹೇಳಿ, ಹಿರಿಯರ, ಅಧಿಕಾರಸ್ಥರ ಬೆಂಬಲವೂ ಬೇಕೆಂದರು. ಚಪ್ಪಲಿ ಕೊಳ್ಳುವವನೂ ಮಾರುವವನೂ ದಿನವೂ ಭೇಟಿಯಾಗುತ್ತಾರೆ. ಆ ಭೇಟಿಯಲ್ಲಿ ಸಮತೆಯಿಲ್ಲದ ಕಾರಣ ಅದರಿಂದ ಏನೂ ಬದಲಾಗಿಲ್ಲ.

ಹಿರಿಯರ ಬೆಂಬಲಕ್ಕೆ ನಿದರ್ಶನ ನಮ್ಮ ನೆರೆಯಲ್ಲಿಯೇ ಇದೆ. ಕೊಲ್ಹಾಪುರದಲ್ಲಿ ಅಸ್ಪೃಶ್ಯರೆನಿಸಿಕೊಂಡಿದ್ದ ಗಂಗಾರಾಮ ಕಾಂಬಳೆಯವರಿಗೆ ಚಹಾದಂಗಡಿ ಇಡಲು ನೆರವಾದ ಶಾಹು ಮಹಾರಾಜರು ತಾವೇ ಅಲ್ಲಿಗೆ ಹೋಗಿ ಚಹಾ ಕುಡಿದರು, ಜೊತೆಗಿದ್ದವರೂ ಕುಡಿಯಬೇಕಾಯಿತು. ಭಾಷಣ ಮಾಡಿದ್ದರೆ ಅಷ್ಟಾಗುತ್ತಿರಲಿಲ್ಲ. ನಿಪ್ಪಾಣಿಗೂ ಇಂಥ ನೆನಪುಂಟು: 1925ರ ಏಪ್ರಿಲ್‌ನಲ್ಲಿ ಅಲ್ಲಿ ಕೂಡಿದ ಬಹಿಷ್ಕೃತ ವರ್ಗಗಳ ಪರಿಷತ್ತಿನಲ್ಲಿ ಡಾ. ಅಂಬೇಡ್ಕರರು ಮಾತನಾಡಿದ್ದರು. ಊರಿನ ಎಷ್ಟು ಮಕ್ಕಳಿಗೆ ಇದನ್ನು ಹೇಳಿಕೊಟ್ಟಿದ್ದೇವೆ?

ಶರಣ ಹರಳಯ್ಯನ ಕಥೆಯನ್ನಂತೂ ಮನೆಮನೆಯ ಮಕ್ಕಳು ಬಲ್ಲರು. ಬಸವಣ್ಣನವರ ಮರುವಂದನೆಯ ಭಾರ ತಾಳಲಾರದೆ ದಂಪತಿಗಳು ತಮ್ಮ ತೊಡೆಯ ಚರ್ಮದಿಂದ ಪಾದರಕ್ಷೆ ಮಾಡಿದ್ದನ್ನೂ, ಅಣ್ಣನವರು ಅವನ್ನು ಮೆಟ್ಟದೆ ತಲೆಯ ಮೇಲೆ ಹೊತ್ತದ್ದನ್ನೂ ಪುರಾಣದಲ್ಲಿ ಕೇಳುವಾಗ ನಮ್ಮ ಕಣ್ಣು ಒದ್ದೆಯಾಗುತ್ತದೆ. ಪುರಾಣಿಕರು ಬಹುಶಃ ಅಲ್ಲಿಗೇ ಮಂಗಳ ಹಾಡುತ್ತಾರೆ. ಆದರೆ ಕಲ್ಯಾಣದಲ್ಲಿ ಬಿಜ್ಜಳನ ಕೋಪ ಕೆರಳಿದ್ದು ಪಾದರಕ್ಷೆಯಿಂದಲ್ಲ. ಹರಳಯ್ಯನ ಮಗನಿಗೆ ಬ್ರಾಹ್ಮಣ ಮೂಲದ ಮಧುವರಸರು ತಮ್ಮ ಮಗಳನ್ನು ಧಾರೆಯೆರೆದು ಕೊಟ್ಟದ್ದರಿಂದ. ಆ ಬೀಗರಿಬ್ಬರೂ ಪ್ರಾಣ ತೆತ್ತದ್ದು ಆ ಮದುವೆಗಾಗಿ. ಇಂದು ನಮ್ಮ ಸಮಾಜದ ಪತ್ರಿಕೆಗಳ ವಧೂವರ ಪುಟಗಳನ್ನು ತೆರೆದು ನೋಡಿರಿ. ಸಮಗಾರರ ಮಾತು ಹಾಗಿರಲಿ, ಬಣಜಿಗರು ಬಣಜಿಗರನ್ನೇ, ಪಂಚಮಸಾಲಿಗಳು ಪಂಚಮಸಾಲಿಗಳನ್ನೇ, ಜಂಗಮರು ಜಂಗಮರನ್ನೇ ಕೇಳಿರುತ್ತಾರೆ. ಪುಟದ ಮೇಲ್ತುದಿಯಲ್ಲಿ ಬಸವಣ್ಣನವರ ಭಾವಚಿತ್ರವಿರುತ್ತದೆ.