ನಾಲ್ಕು ಸಿಲಿಂಡರ್ ಅಂದ್ರೆ ಏನು ಅವಮಾನ?

ಮೊನ್ನೆ ಸಂಜೆ ಆಫೀಸ್ ಬಿಟ್ಟಮೇಲೆ ಟೀ ಅಂಗಡಿ ಹತ್ರ ನಮ್ಮ ಸೆಕ್ಷನ್ ಹುಡುಗ ಮೊಬೈಲ್ ತೋರಿಸಿ, "ಅಣ್ಣ, ಮರ್ಸಿಡಿಸ್‌ನೋರು ಸಿ63ಗೆ ನಾಲ್ಕು ಸಿಲಿಂಡರ್ ಹಾಕಿ ಮಾನ ಕಳೆದುಬಿಟ್ರು" ಅಂದ. ಅವನ ಹತ್ರ ಇರೋದು ಸೆಕೆಂಡ್ ಹ್ಯಾಂಡ್ ಆಲ್ಟೊ. ನನ್ನ ಹತ್ರ ಸ್ಕೂಟರ್. ಆದ್ರೂ ಅರ್ಧ ಗಂಟೆ ಜಗಳ ಆಡಿದ್ವಿ. ಎಂಜಿನ್ ಬಗ್ಗೆ ಮಾತಾಡೋಕೆ ಆರ್‌ಸಿ ಬುಕ್ ಬೇಕಿಲ್ಲ ಬಿಡಿ. ಪಿಯುಸಿ ಓದುವಾಗ ಸಂಜೆ ಹೊತ್ತು ಗ್ಯಾರೇಜಿನಲ್ಲಿ ಆರ್‌ಎಕ್ಸ್ 100ರ ಕಾರ್ಬುರೇಟರ್ ಬಿಚ್ಚಿ ತೊಳೆದ ಕೈ ಇದು.

ಗೊತ್ತಿಲ್ಲದವರಿಗೆ ವಿಷಯ ಹೇಳ್ತೀನಿ. 2008ರ ಹೊತ್ತಿನ ಸಿ63ರಲ್ಲಿ ಇದ್ದದ್ದು 6.2 ಲೀಟರ್ ವಿ8. ಟರ್ಬೊ ಇಲ್ಲ, 457 ಕುದುರೆ ಶಕ್ತಿ. ಆಮೇಲೆ ಬಂದದ್ದು 4 ಲೀಟರ್, ಎರಡು ಟರ್ಬೊ. 2022ರಲ್ಲಿ ತೋರಿಸಿದ ಹೊಸದರಲ್ಲಿ ಬರೀ 2 ಲೀಟರ್, ನಾಲ್ಕು ಸಿಲಿಂಡರ್, ಒಂದು ಟರ್ಬೊ, ಹಿಂದಿನ ಆಕ್ಸಲ್ ಮೇಲೆ ಎಲೆಕ್ಟ್ರಿಕ್ ಮೋಟರ್. ಎರಡೂ ಸೇರಿದರೆ 680. ಮೋಟರ್ ಬಿಟ್ಟು ಎಂಜಿನ್ ಒಂದರದ್ದೇ 476. ಮೂರರಲ್ಲಿ ಒಂದು ಪಾಲಿನಷ್ಟಿರೋ ಎಂಜಿನ್ನು ಹಳೇ ದೈತ್ಯನಿಗಿಂತ ಜಾಸ್ತಿ ದುಡಿಯುತ್ತೆ. ಆದ್ರೂ ಅಭಿಮಾನಿಗಳ ತೀರ್ಪು ಒಂದೇ: ಇದು ಎಎಂಜಿಯೇ ಅಲ್ಲ.

ಇವರಿಗೆ ಪ್ಯೂರಿಸ್ಟ್ ಅಂತ ಹೆಸರು. ಶುದ್ಧ ಅನ್ನೋ ಮಾತು ಕಿವಿಗೆ ಬಿದ್ದ ಕೂಡಲೇ ನಾನು ಹುಷಾರಾಗ್ತೀನಿ, ಯಾಕೆ ಅಂತ ನಿಮಗೆ ಬಿಡಿಸಿ ಹೇಳಬೇಕಾಗಿಲ್ಲ. ಮಾಡೋ ಕೆಲಸ ನೋಡೋಕೆ ಮೊದಲೇ ಹುಟ್ಟು ವಿಚಾರಿಸೋ ಬುದ್ಧಿ. ಎಂಟು ಸಿಲಿಂಡರ್ ಮನೆತನವೋ ನಾಲ್ಕರದ್ದೋ?

ಇನ್ನೊಂದು ಸಂಗತಿ ಇವರು ಮರೀತಾರೆ. ಜರ್ಮನಿಯ ಅಫಲ್ಟರ್‌ಬಾಕ್‌ನಲ್ಲಿ ಎಎಂಜಿ ಎಂಜಿನ್ನನ್ನು ಒಬ್ಬನೇ ಕೆಲಸಗಾರ ಮೊದಲಿಂದ ಕೊನೆವರೆಗೆ ಕೈಯಾರೆ ಜೋಡಿಸ್ತಾನೆ. ಮುಗಿದ ಮೇಲೆ ಅವನ ಸಹಿ ಇರೋ ಫಲಕ ಅದರ ಮೇಲೆ ಕೂರುತ್ತೆ. ಆ ಎಂಟು ಸಿಲಿಂಡರಿಗೂ ಇದೇ ಕ್ರಮ, ಈ ನಾಲ್ಕಕ್ಕೂ ಇದೇ. ದುಡಿದವನ ಹೆಸರು ವಸ್ತುವಿನ ಮೇಲೆ ಇರೋದು ಎಷ್ಟು ಅಪರೂಪ ನೋಡಿ. ನಾನು ಟೈಪ್ ಮಾಡಿದ ಫೈಲಿನಲ್ಲಿ ಸಾಹೇಬರ ಸಹಿ ಮಾತ್ರ ಇರುತ್ತೆ.

ನಾಲ್ಕು ಸಿಲಿಂಡರ್ ಕೀಳು ಅನ್ನೋರು ಹೋಂಡಾ ಎಸ್2000 ನೋಡಲಿ. 1999ರ ಕಾರು, 2 ಲೀಟರ್, ಟರ್ಬೊ ಇಲ್ಲ, 9,000 ಆರ್‌ಪಿಎಂವರೆಗೆ ಕಿರುಚುತ್ತೆ, 240 ಕುದುರೆ ಶಕ್ತಿ. ಇದೇ ಪ್ಯೂರಿಸ್ಟ್‌ಗಳು ಅದಕ್ಕೆ ಕೈ ಮುಗೀತಾರೆ!

ಹಾಗಂತ ಅವರು ಹೇಳೋದೆಲ್ಲ ಸುಳ್ಳಲ್ಲ. ಟರ್ಬೊ ಇಲ್ಲದ ಎಂಜಿನ್ನಿನಲ್ಲಿ ಕಾಲಿಗೂ ಚಕ್ರಕ್ಕೂ ನಡುವೆ ದಲ್ಲಾಳಿ ಇಲ್ಲ, ಒತ್ತಿದ ತಕ್ಷಣ ಉತ್ತರ. ಟರ್ಬೊದಲ್ಲಿ ಹೊಗೆ ಹೋಗಿ ಟರ್ಬೈನ್ ತಿರುಗಿಸಿ, ಅದು ಗಾಳಿ ಒತ್ತಿ ಒಳಗೆ ಕಳಿಸಬೇಕು. ಅಷ್ಟರಲ್ಲಿ ಒಂದು ಗಳಿಗೆ ಹೋಗುತ್ತೆ. ಹೊಸ ಸಿ63ರಲ್ಲಿ ಈ ತಡ ತಪ್ಪಿಸೋಕೇ ಟರ್ಬೊದ ಶಾಫ್ಟ್‌ಗೆ ಒಂದು ಎಲೆಕ್ಟ್ರಿಕ್ ಮೋಟರ್ ಕೂರಿಸಿದ್ದಾರೆ. ಸದ್ದಿನ ವಿಷಯದಲ್ಲೂ ಅವರ ದೂರು ನ್ಯಾಯವೇ. 2011ರ ಬಿಎಂಡಬ್ಲ್ಯು ಎಂ5ರಲ್ಲಿ ಎಂಜಿನ್ ಸದ್ದನ್ನ ಸ್ಪೀಕರಿನಿಂದ ಕೇಳಿಸೋ ವ್ಯವಸ್ಥೆ ಮಾಡಿದ್ರು. ಅದು ನನಗೂ ಹಿಡಿಸಲ್ಲ. ಊಟದ ಬದಲು ಊಟದ ಫೋಟೋ ಕೊಟ್ಟ ಹಾಗೆ.

ಆದರೆ ನನ್ನ ತಕರಾರು ಬೇರೆ: ತೂಕ. ಹಳೇ ಸಿ63 ಸುಮಾರು 1,700 ಕೆಜಿ. ಹೊಸದು ಬ್ಯಾಟರಿ, ಮೋಟರ್ ಎಲ್ಲ ಹೊತ್ತು 2,100 ದಾಟಿದೆ. ಇನ್ನೂರು ಕುದುರೆ ಹೆಚ್ಚಿಗೆ ಕಟ್ಟಿದ್ರು, ನಾಲ್ಕು ಕ್ವಿಂಟಾಲ್ ಹೊರೆಯನ್ನೂ ಹೇರಿದ್ರು. ತಿರುವಿನಲ್ಲಿ ಆ ಹೊರೆ ಎಲ್ಲಿಗೆ ಹೋಗುತ್ತೆ? ಬ್ರೇಕಿಗೆ, ಟೈರಿಗೆ, ಕೊನೆಗೆ ನಿಮ್ಮ ಸ್ಟೀರಿಂಗ್ ಕೈಗೆ. ಆರ್‌ಎಕ್ಸ್ 100 ಇದ್ದದ್ದು 98 ಸಿಸಿ, 11 ಕುದುರೆ ಶಕ್ತಿ. ನಮ್ಮನ್ನ ಹುಚ್ಚು ಹಿಡಿಸಿದ್ದು ಆ ಹನ್ನೊಂದಲ್ಲ, ಗಾಡಿ ನೂರು ಕೆಜಿ ಆಸುಪಾಸಿನಲ್ಲಿ ಇತ್ತಲ್ಲ, ಅದು.

ಅಭಿಮಾನಿಗಳ ಮಾತಿಗೆ ಬೆಲೆ ಇಲ್ಲ ಅನ್ಕೋಬೇಡಿ. 2013ರಲ್ಲಿ ಪೋರ್ಷೆ 911 ಜಿಟಿ3ರಿಂದ ಮ್ಯಾನುಯಲ್ ಗೇರ್ ತೆಗೆದಾಗ ಗಲಾಟೆ ಎದ್ದಿತು, 2017ರಲ್ಲಿ ವಾಪಸ್ ಬಂತು. ಕೋಟಿ ಕೊಡೋರು ಕೂಗಿದರೆ ಕಂಪನಿಗೆ ಕೇಳಿಸುತ್ತೆ. ಆದರೆ ಮಜ್ದಾ ಎಂಎಕ್ಸ್-5ನಂಥ, ಒಂದು ಟನ್ನಿನ ಚೂರು ಮೇಲಿರೋ ಹಗುರ ಕಾರು ನಮ್ಮ ದೇಶದ ಶೋರೂಮಿಗೆ ಯಾಕೆ ಬರಲಿಲ್ಲ ಅಂತ ಅಷ್ಟು ಜೋರಾಗಿ ಯಾರು ಕೂಗ್ತಾರೆ?

ಟೀ ದುಡ್ಡು ಕೊಡುವಾಗ ಹುಡುಗ ಕೇಳಿದ, "ಹಾಗಾದ್ರೆ ಲಾಟರಿ ಹೊಡೆದ್ರೆ ನೀವು ಯಾವುದು ತಗೋತೀರ ಅಣ್ಣ?" ಎಸ್2000 ಅಂದೆ. "ಅದು ನಿಂತೋಗಿದೆಯಲ್ಲಣ್ಣ" ಅಂದ. ಲಾಟರಿನೂ ನಿಂತೋಗಿದೆ ಕಣಪ್ಪ ಅಂದೆ.

ವಿ8 ಪಕ್ಷದವರು ಕಾಮೆಂಟಿನಲ್ಲಿ ಧಾರಾಳವಾಗಿ ಬೈಯಿರಿ. ಆ ನಾಲ್ಕು ಕ್ವಿಂಟಾಲಿಗೆ ಮೊದಲು ಉತ್ತರ ಕೊಟ್ಟು ಬೈಯಿರಿ, ಅಷ್ಟೆ.