ಶಾರ್ಟೇಜ್ ಲಿಸ್ಟ್

ಸೆಮಿಸ್ಟರಿನ ಮೊದಲ ದಿನ, ಫಸ್ಟ್ ಅವರಿನಲ್ಲಿ, ನಾನು ಒಂದು ಕಾಗದ ಓದುತ್ತೇನೆ. ಹದಿನಾರು ವರ್ಷದಿಂದ ಓದುತ್ತಿದ್ದೇನೆ, ಈಗ ನೋಡದೆಯೇ ಒಪ್ಪಿಸಬಲ್ಲೆ. ಎಂಟೂವರೆಗೆ ಕ್ಲಾಸು, ಎಂಟು ಮೂವತ್ತೈದು ದಾಟಿ ಬಂದವರಿಗೆ ಆಬ್ಸೆಂಟ್. ಅಟೆಂಡೆನ್ಸ್ 85 ಪರ್ಸೆಂಟ್ ಇರಬೇಕು. ಇಂಟರ್ನಲ್ಸ್‌ನಲ್ಲಿ 50ಕ್ಕೆ 20 ಬರದಿದ್ದರೆ ಸೆಮಿಸ್ಟರ್ ಪರೀಕ್ಷೆಗೆ ಕೂರುವಂತಿಲ್ಲ. ಅಸೈನ್‌ಮೆಂಟ್ ಒಂದು ದಿನ ತಡವಾದರೂ ಸೊನ್ನೆ. ರೆಕಾರ್ಡ್ ಇಲ್ಲದೆ ಲ್ಯಾಬಿನೊಳಗೆ ಕಾಲಿಡುವಂತಿಲ್ಲ. ಹೀಗೆ ಎರಡು ಪುಟ. ಕಟ್ಟಕಡೆಗೆ ಒಂದೇ ಒಂದು ಸಾಲು: ಏನಾದರೂ ತೊಂದರೆ ಇದ್ದರೆ ನಿಮ್ಮ ಮೆಂಟರನ್ನು ಕಾಣಿರಿ. ಎಲ್ಲವೂ ಇಂಗ್ಲಿಷಿನಲ್ಲಿ. ಅರವತ್ತು ತಲೆಗಳು ಒಟ್ಟಿಗೆ ಆಡುತ್ತವೆ. ಕೆಳಗೆ ಸಹಿ ಹಾಕಿಸಿಕೊಂಡು ಕೋರ್ಸ್ ಫೈಲಿಗೆ ಸೇರಿಸಿದರೆ ನನ್ನ ಕೆಲಸ ಮುಗಿಯಿತು.

ಈ ಕಾಗದವನ್ನು ಹರಿದು ಹಾಕಬೇಕೆಂದು ನನಗೆ ಮೊದಲ ಸಲ ಅನ್ನಿಸಿದ್ದು ಎರಡು ವರ್ಷದ ಹಿಂದೆ, ಕಡ್ಲೆಕಾಯಿ ದೆಸೆಯಿಂದ.

ಹುಡುಗ ಶಿರಾ ಕಡೆಯ ಹಳ್ಳಿಯವನು. ಹತ್ತನೇ ಕ್ಲಾಸಿನವರೆಗೆ ಕನ್ನಡ ಮೀಡಿಯಂ, ಆಮೇಲೆ ಡಿಪ್ಲೊಮಾ, ಅಲ್ಲಿಂದ ಲ್ಯಾಟರಲ್ ಎಂಟ್ರಿಯಲ್ಲಿ ನೇರ ನಮ್ಮ ಮೂರನೇ ಸೆಮಿಸ್ಟರಿಗೆ. ಅವನ ವಂಶದಲ್ಲಿ ಎಂಜಿನಿಯರಿಂಗ್ ಕಾಲೇಜಿನ ಮೆಟ್ಟಿಲು ಹತ್ತಿದ ಮೊದಲಿಗ. ಹಿಂದುಳಿದ ವರ್ಗದವರ ಬಿಸಿಎಂ ಹಾಸ್ಟೆಲಿನಲ್ಲಿ ಸೀಟು ಸಿಕ್ಕಿರಲಿಲ್ಲ. ಹಾಸ್ಟೆಲ್ ಸಿಗದವರಿಗೆಂದೇ ಸರ್ಕಾರದ ವಿದ್ಯಾಸಿರಿ ಇದೆ: ಆಗ ತಿಂಗಳಿಗೆ 1500 ರೂಪಾಯಿ, ವರ್ಷಕ್ಕೆ ಹತ್ತು ತಿಂಗಳು. ಆ ದುಡ್ಡಿನಲ್ಲಿ ರೂಮಿನ ಬಾಡಿಗೆ ಕಟ್ಟಿ, ಎರಡು ಹೊತ್ತು ಉಂಡು ತೋರಿಸಲಿ ಯಾರಾದರೂ. ಅದೂ ಆ ವರ್ಷದ್ದು ಆ ವರ್ಷವೇ ಖಾತೆಗೆ ಬಿದ್ದರೆ. ಹಾಗಾಗಿ ಅವನು ದಿನಾ ಬಸ್ಸಿನಲ್ಲೇ ಓಡಾಡುತ್ತಿದ್ದ. ಊರಿನ ಮೊದಲ ಬಸ್ಸು ಹಿಡಿದರೂ ನಮ್ಮ ಗೇಟು ಮುಟ್ಟುವಾಗ ಎಂಟು ಮೂವತ್ತೆಂಟೋ ನಲವತ್ತೋ ಆಗಿಬಿಡುವ ದಿನಗಳಿರುತ್ತಿದ್ದವು.

ನನ್ನ ಸಬ್ಜೆಕ್ಟಿಗೆ ಒಟ್ಟು ನಲವತ್ತು ಕ್ಲಾಸು. 85 ಪರ್ಸೆಂಟ್ ಅಂದರೆ 34. ಅವನದು 31. ತಪ್ಪಿದ ಒಂಬತ್ತರಲ್ಲಿ ಐದು ದಿನ ಅವನು ಬಂದಿರಲಿಲ್ಲ. ಉಳಿದ ನಾಲ್ಕು ದಿನ ಬಂದಿದ್ದ. ಬಾಗಿಲಲ್ಲಿ ಏದುಸಿರು ಬಿಡುತ್ತಾ ನಿಂತಿದ್ದ. “ಒಳಗೆ ಬಾ, ಆದರೆ ಅಟೆಂಡೆನ್ಸ್ ಕೇಳಬೇಡ” ಎಂದು ನಾನೇ ದೊಡ್ಡ ಮನುಷ್ಯನ ಹಾಗೆ ಹೇಳಿದ್ದೆ. ಹಿಂದಿನ ಬೆಂಚಿನಲ್ಲಿ ಕೂತು ಪಾಠ ಪೂರ್ತಿ ಕೇಳಿದ, ನೋಟ್ಸ್ ಬರೆದುಕೊಂಡ. ಕಣ್ಣೆದುರು ಕೂತವನ ಹೆಸರಿನ ಮುಂದೆ ‘ಎ’ ಎಂದು ಬರೆಯುವ ವಿದ್ಯೆಯನ್ನು ನನಗೆ ಯಾವ ಗುರು ಕಲಿಸಿದನೋ ಗೊತ್ತಿಲ್ಲ, ಚೆನ್ನಾಗಿಯೇ ಕಲಿತಿದ್ದೇನೆ. ಆ ನಾಲ್ಕು ಅವನ ಲೆಕ್ಕಕ್ಕೆ ಸೇರಿದ್ದರೆ 35 ಆಗುತ್ತಿತ್ತು.

ನಮ್ಮ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ (ವಿಟಿಯು) ನಿಯಮದಲ್ಲಿ ಹತ್ತು ಪರ್ಸೆಂಟ್‌ವರೆಗೆ ಕಂಡೋನೇಷನ್‌ಗೆ ದಾರಿ ಇದೆ. 75ರ ತನಕ ಇಳಿದವರನ್ನು ಪ್ರಿನ್ಸಿಪಾಲರು ಶಿಫಾರಸು ಮಾಡಿದರೆ ಕುಲಪತಿಗಳು ಮನ್ನಾ ಮಾಡಬಹುದು. ಅವನದು ಎಪ್ಪತ್ತೇಳೂವರೆ, ಆರಾಮಾಗಿ ಪಾರಾಗಬೇಕಿತ್ತು. ಆದರೆ ಶಿಫಾರಸು ಮಾಡಲು ನಮ್ಮ ಕಾಲೇಜಿನವರು ಕೇಳುವುದು ಮೆಡಿಕಲ್ ಸರ್ಟಿಫಿಕೇಟ್. ಶಾರ್ಟೇಜ್ ಲಿಸ್ಟ್ ನೋಟಿಸ್ ಬೋರ್ಡಿಗೆ ಬಿದ್ದ ಮೂರನೇ ದಿನ ಅವನ ಅಪ್ಪ ಬಂದರು. ಎಚ್‌ಒಡಿ, ಅಂದರೆ ವಿಭಾಗದ ಮುಖ್ಯಸ್ಥರ, ಚೇಂಬರಿನ ಬಾಗಿಲ ಹೊರಗೆ ಚಪ್ಪಲಿ ಬಿಟ್ಟು, ಹೆಗಲ ಟವೆಲು ಕೈಗೆ ತಗೊಂಡು ನಿಂತರು. ಮೂರು ಕುರ್ಚಿ ಖಾಲಿ ಇದ್ದವು. ಕೂತುಕೊಳ್ಳಿ ಎನ್ನಲು ನನಗೂ ತೋಚಲಿಲ್ಲ.

“ಸ್ವಾಮಿ, ಕಡ್ಲೆಕಾಯಿ ಕೀಳಾಕೆ ಕೂಲಿಯೋರು ಸಿಗ್ಲಿಲ್ಲ. ಮಳೆ ಬೇರೆ ಹಿಡ್ಕಂಡಿತ್ತು. ನಾನೇ ಮಗೀನ ಬಾ ಅಂತ ಕರ್ದೆ. ತಪ್ಪು ನಂದು, ಅವುಂದಲ್ಲ. ದಂಡ ಎಷ್ಟಾಯ್ತದೆ ಹೇಳಿ, ಕಟ್ತೀನಿ.”

“ದಂಡದ ಪ್ರಶ್ನೆ ಅಲ್ಲ ಯಜಮಾನ್ರೇ. ಮೆಡಿಕಲ್ ಸರ್ಟಿಫಿಕೇಟ್ ಒಂದು ತಗೊಂಬನ್ನಿ, ನೋಡೋಣ” ಅಂದರು ನಮ್ಮ ಎಚ್‌ಒಡಿ.

“ಅವುನ್ಗೆ ಏನೂ ಆಗಿಲ್ವಲ್ಲ ಸ್ವಾಮಿ?”

ಎಚ್‌ಒಡಿ ನನ್ನ ಮುಖ ನೋಡಿದರು. ಹುಡುಗನ ಅಪ್ಪನನ್ನು ಹೊರಗೆ ಕರೆದುಕೊಂಡು ಹೋಗಿ, ಮೆಟ್ಟಿಲ ಬಳಿ ನಿಲ್ಲಿಸಿ, ದನಿ ತಗ್ಗಿಸಿ, ಬಸ್‌ಸ್ಟ್ಯಾಂಡ್ ಹಿಂದಿನ ಕ್ಲಿನಿಕ್ಕಿನ ಗುರುತು ಹೇಳಿದವನು ನಾನೇ. ಅಲ್ಲಿ ಇನ್ನೂರು ರೂಪಾಯಿಗೆ ಟೈಫಾಯಿಡ್ ಸಿಗುತ್ತದೆ, ಮುನ್ನೂರಕ್ಕೆ ಜಾಂಡೀಸ್. ನಮ್ಮ ಡಿಪಾರ್ಟ್‌ಮೆಂಟಿನ ಫೈಲುಗಳನ್ನು ನಂಬುವುದಾದರೆ ಪ್ರತಿ ಡಿಸೆಂಬರಿನಲ್ಲಿ ಕಾಲು ಭಾಗ ಹುಡುಗರು ಟೈಫಾಯಿಡ್ ಹಿಡಿದು ಮಲಗಿರುತ್ತಾರೆ. ಆ ಮನುಷ್ಯ ನನ್ನನ್ನೇ ಒಂದು ಗಳಿಗೆ ನೋಡಿ, “ಇಲ್ದಿರೋ ಕಾಯ್ಲೇನ ದುಡ್ಡು ಕೊಟ್ಟು ಬರುಸ್ಕಂಡ್ ಬಂದು ಮಗೀನ ಓದಿಸ್ಲಾ?” ಅಂದರು. ಟವೆಲು ಹೆಗಲಿಗೆ ಹಾಕಿಕೊಂಡು ಮೆಟ್ಟಿಲಿಳಿದರು.

ನಮ್ಮ ನಿಯಮಕ್ಕೆ ಟೈಫಾಯಿಡ್ ಗೊತ್ತು, ಕಡ್ಲೆಕಾಯಿ ಗೊತ್ತಿಲ್ಲ. ಅದೇ ಸೆಮಿಸ್ಟರಿನಲ್ಲಿ ಕಾಲೇಜಿನ ಫೆಸ್ಟು ನಡೆಯಿತು. ಸ್ಟೇಜಿನ ಮೇಲೆ ಕುಣಿದವರಿಗೆ, ಕುಣಿತದ ಪ್ರಾಕ್ಟೀಸ್ ಮಾಡಿದವರಿಗೆ, ಧ್ವನಿವರ್ಧಕದ ಬಾಕ್ಸು ಹೊತ್ತವರಿಗೆ, ಎಲ್ಲರಿಗೂ ಒಡಿ, ಅಂದರೆ ಆನ್ ಡ್ಯೂಟಿ. ಅಟೆಂಡೆನ್ಸ್ ಪೂರ್ತಿ. ಕುಣಿಯಲಿ, ನನಗೇನೂ ಹೊಟ್ಟೆಕಿಚ್ಚಿಲ್ಲ. ಅಪ್ಪನ ಹೊಲದಲ್ಲಿ ಐದು ದಿನ ಸೊಂಟ ಬಗ್ಗಿಸಿದವನು ಯಾವ ಡ್ಯೂಟಿಯಲ್ಲಿದ್ದ ಸ್ವಾಮಿ? ಆ ಹೊಲದ ಫಸಲಲ್ಲವೇ ನಮ್ಮ ಆಫೀಸಿನ ಕೌಂಟರಿಗೆ ಫೀಸಾಗಿ ಬಂದು ಬೀಳುತ್ತಿದ್ದುದು?

ಮುಂದಿನ ಸೆಮಿಸ್ಟರಿನ ಅಟೆಂಡೆನ್ಸ್ ಶೀಟಿನಲ್ಲಿ ಯುಎಸ್‌ಎನ್‌ಗಳು (ಹುಡುಗರ ನೋಂದಣಿ ಸಂಖ್ಯೆಗಳು) ಒಂದರ ಕೆಳಗೊಂದು ಬರುತ್ತಾ ಅವನ ಜಾಗದಲ್ಲಿ ಒಂದು ನಂಬರ್ ಹಾರಿ ಕೆಳಗಿನದಕ್ಕೆ ಹೋಗಿತ್ತು. ಒಂದು ಸಬ್ಜೆಕ್ಟಿನಲ್ಲಿ ಅಟೆಂಡೆನ್ಸ್ ಸಾಲದೆ ಡಿಟೇನ್ ಆದರೆ ಕಾಲೇಜು ಬಿಡಬೇಕೆಂದು ಎಲ್ಲಿಯೂ ಬರೆದಿಲ್ಲ. ಮತ್ತೊಮ್ಮೆ ಕ್ಲಾಸಿಗೆ ಹೆಸರು ಹಚ್ಚಿ ಓದಬಹುದು. ಆ ಮಾತನ್ನು ಅವನಿಗೆ ಯಾರೂ ಹೇಳಲಿಲ್ಲ.

ಹೇಳಬೇಕಾಗಿದ್ದವನು ಮೆಂಟರ್. ಮೆಂಟರ್ ಯಾರು? ನಾನು.

ಮೆಂಟರ್ ಡೈರಿ ಎಂಬುದೊಂದಿದೆ. ನ್ಯಾಕ್ ತಂಡದವರು ಕಾಲೇಜಿಗೆ ಅಂಕ ಕೊಡುವಾಗ ಒಬ್ಬ ಮೇಷ್ಟರಿಗೆ ಎಷ್ಟು ಮಂದಿ ಮೆಂಟೀಗಳು ಎಂದು ಕೇಳುತ್ತಾರೆ, ಅದಕ್ಕಾಗಿ ಇದು. ನನ್ನ ಪಾಲಿಗೆ ಇಪ್ಪತ್ತೆರಡು ಮಂದಿ. ಪ್ರತಿಯೊಬ್ಬರಿಗೂ ಎರಡು ಪುಟ: ತಂದೆಯ ಉದ್ಯೋಗ, ಭೇಟಿಯ ತಾರೀಖು, ಚರ್ಚಿಸಿದ ವಿಷಯ, ನೀಡಿದ ಸಲಹೆ. ನ್ಯಾಕ್ ಭೇಟಿಗೆ ಒಂದು ವಾರ ಇದೆ ಎನ್ನುವಾಗ ಸ್ಟಾಫ್‌ರೂಮಿನ ಬಾಗಿಲು ಹಾಕಿಕೊಂಡು ಎಲ್ಲರೂ ಬರೆಯಲು ಕೂರುತ್ತೇವೆ. ಒಂದೇ ಪೆನ್ನಿನಲ್ಲಿ ಬರೆದರೆ ಒಂದೇ ದಿನ ಬರೆದದ್ದೆಂದು ಗೊತ್ತಾಗುತ್ತದಲ್ಲ, ಅದಕ್ಕೆ ಆಫೀಸಿನಿಂದಲೇ ನೀಲಿ, ಕಪ್ಪು, ಜೆಲ್ ಎಂದು ಮೂರು ಥರದ ಪೆನ್ನು ಬರುತ್ತವೆ. ಆಗಸ್ಟಿಗೆ ನೀಲಿ, ಸೆಪ್ಟೆಂಬರಿಗೆ ಕಪ್ಪು. ‘ಚೆನ್ನಾಗಿ ಓದಲು ಸಲಹೆ ನೀಡಲಾಯಿತು.’ ‘ಸಮಯ ಪಾಲನೆಯ ಮಹತ್ವ ತಿಳಿಸಲಾಯಿತು.’ ಚಹಾದೊಂದಿಗೆ ಬೋಂಡಾನೂ ತರಿಸುತ್ತಾರೆ. ಆ ಹುಡುಗನ ಪುಟದಲ್ಲಿ, ಅವನು ಕಾಲೇಜು ಬಿಟ್ಟು ನಾಲ್ಕು ತಿಂಗಳಾದ ಮೇಲೆ, ‘ಸಮಸ್ಯೆಗಳೇನೂ ಇಲ್ಲ’ ಎಂದು ನಾನು ನೀಲಿ ಪೆನ್ನಿನಲ್ಲಿ ಬರೆದೆ. ಸಹಿ ಮಾತ್ರ ಹುಡುಗನದ್ದೇ ಬೇಕು. ಅದನ್ನೂ ಹಾಕಿದೆ.

ಇದನ್ನು ಬರೆಯಲು ನಾಚಿಕೆಯಾಗುತ್ತದೆ. ನಾಚಿಕೆಯಾದರೂ ಬರೆಯುತ್ತಿದ್ದೇನೆ, ಏಕೆಂದರೆ ಇದು ನನ್ನೊಬ್ಬನ ಕೈಬರಹವಲ್ಲ.

2022ರಲ್ಲಿ ಈ ದೇಶದಲ್ಲಿ 13,044 ವಿದ್ಯಾರ್ಥಿಗಳು ಆತ್ಮಹತ್ಯೆ ಮಾಡಿಕೊಂಡರೆಂದು ರಾಷ್ಟ್ರೀಯ ಅಪರಾಧ ದಾಖಲೆ ಬ್ಯೂರೋ ಲೆಕ್ಕ ಕೊಟ್ಟಿದೆ. ಯಾರ ಮೆಂಟರ್ ಡೈರಿಯಲ್ಲಿ ಏನು ಬರೆದಿತ್ತೋ. 2025ರ ಜುಲೈನಲ್ಲಿ ಸುಪ್ರೀಂ ಕೋರ್ಟ್, ನೂರು ಅಥವಾ ಅದಕ್ಕಿಂತ ಹೆಚ್ಚು ವಿದ್ಯಾರ್ಥಿಗಳಿರುವ ಪ್ರತಿ ಶಿಕ್ಷಣ ಸಂಸ್ಥೆಯಲ್ಲೂ ಕನಿಷ್ಠ ಒಬ್ಬ ಅರ್ಹ ಆಪ್ತಸಮಾಲೋಚಕರು ಇರಬೇಕೆಂದು ಹೇಳಿತು. ನಮ್ಮಲ್ಲಿಯೂ ಬೋರ್ಡು ಬಿತ್ತು. ಹಳೆಯ ಪ್ರಿಂಟರಿನ ಡಬ್ಬಗಳು, ಉತ್ತರ ಪತ್ರಿಕೆಯ ಕಟ್ಟುಗಳು ಇಟ್ಟಿದ್ದ ಕೋಣೆಗೆ ‘ಕೌನ್ಸೆಲಿಂಗ್ ಸೆಂಟರ್’ ಎಂಬ ಹಿತ್ತಾಳೆ ಅಕ್ಷರ. ಸಮಾಲೋಚಕರು ಯಾರೆಂದರೆ ಗಣಿತದ ಮೇಡಂ. ಅವರು ಒಳ್ಳೆಯವರು, ಪಾಪ. ವಾರಕ್ಕೆ ಹದಿನೆಂಟು ಅವರ್ ಪಾಠದ ಮೇಲೆ ಇದೊಂದು ಇನ್‌ಚಾರ್ಜ್. ಅವರ ಇಂಟರ್ನಲ್ಸ್‌ನಲ್ಲಿ ಫೇಲಾದ ಹುಡುಗಿ ಅಳಲು ಹೋಗಬೇಕಾದದ್ದೂ ಅವರ ಬಳಿಯೇ.

ಇಂಟರ್ನಲ್ಸ್ ಎಂದೆನಲ್ಲ, ಇದರ ಕಥೆ ಸ್ವಲ್ಪ ಕೇಳಬೇಕು. 2015ರ ವಿಟಿಯು ಸ್ಕೀಮಿನಲ್ಲಿ ನೂರಕ್ಕೆ 20 ಅಂಕ ಮೇಷ್ಟರ ಕೈಯಲ್ಲಿತ್ತು. 2018ರ ಸ್ಕೀಮಿನಲ್ಲಿ 40 ಆಯಿತು. ಈಗ 50. ಒಂದೇ ಪರೀಕ್ಷೆಯ ಮೇಲೆ ವರ್ಷದ ಓದು ನಿಲ್ಲಬಾರದು ಎಂಬ ವಾದ ಸರಿಯಾದದ್ದೇ. ಆದರೆ ಅರ್ಧ ಡಿಗ್ರಿ ಯಾರ ಕೈಯಲ್ಲಿದೆಯೋ ಅವರ ಮೇಲೆ ದೂರು ಕೊಡುವ ಎದೆ ಯಾವ ಹುಡುಗನಿಗಿದೆ? 2023ರಲ್ಲಿ ಯುಜಿಸಿ ವಿದ್ಯಾರ್ಥಿ ಕುಂದುಕೊರತೆ ನಿವಾರಣೆಗೆ ಹೊಸ ನಿಯಮ ತಂದಿತು. ಸಮಿತಿ ಇದೆ, ಅದರ ಮೇಲೆ ಒಂಬುಡ್ಸ್‌ಪರ್ಸನ್ ಇದ್ದಾರೆ. ನಮ್ಮ ಸಮಿತಿಯ ದೂರಿನ ಪೆಟ್ಟಿಗೆ ಎಚ್‌ಒಡಿ ಚೇಂಬರಿನ ಬಾಗಿಲಿಗೆ ಎದುರಾಗಿ, ಸಿಸಿ ಕ್ಯಾಮೆರಾದ ಕೆಳಗಿದೆ. ಕಳೆದ ವರ್ಷ ಒಂದೂ ದೂರು ಬಂದಿಲ್ಲ ಎಂದು ವಾರ್ಷಿಕ ವರದಿಯಲ್ಲಿ ಹೆಮ್ಮೆಯಿಂದ ಅಚ್ಚು ಹಾಕಿಸಿದ್ದಾರೆ.

ಜಾತಿಯ ಮಾತು ನಮ್ಮ ಎರಡು ಪುಟದ ಕಾಗದದಲ್ಲಿ ಎಲ್ಲಿಯೂ ಇಲ್ಲ. ಅದು ಇರುವುದು ಸ್ಟಾಫ್‌ರೂಮಿನಲ್ಲಿ, ಪೇಪರ್ ತಿದ್ದುವಾಗ, “ಕೋಟಾದವನಿರಬೇಕು ಬಿಡಿ” ಎಂಬ ನಿಟ್ಟುಸಿರಿನಲ್ಲಿ. ಮ್ಯಾನೇಜ್‌ಮೆಂಟ್ ಕೋಟಾದವನನ್ನು ನೋಡಿ ಯಾರೂ ಹಾಗೆ ನಿಟ್ಟುಸಿರು ಬಿಟ್ಟದ್ದು ನಾನು ಕೇಳಿಲ್ಲ. ಭಾಷೆಯದ್ದೂ ಇದೇ ಪಾಡು. 2021ರಲ್ಲಿ ಅಖಿಲ ಭಾರತ ತಾಂತ್ರಿಕ ಶಿಕ್ಷಣ ಮಂಡಳಿ (ಎಐಸಿಟಿಇ) ಕನ್ನಡದಲ್ಲೂ ಎಂಜಿನಿಯರಿಂಗ್ ಕಲಿಸಬಹುದೆಂದಿತು. ನಾನು ಫ್ಲಿಪ್‌ಫ್ಲಾಪ್ ಪಾಠವನ್ನು ಹತ್ತು ನಿಮಿಷ ಕನ್ನಡದಲ್ಲಿ ಹೇಳಿದ್ದಕ್ಕೆ ಫೀಡ್‌ಬ್ಯಾಕಿನಲ್ಲಿ ಅಂಕ ಇಳಿಯಿತು, ಕರೆದು ಬುದ್ಧಿ ಹೇಳಿದರು. ಆ ಹತ್ತು ನಿಮಿಷದಲ್ಲಿ ಹಿಂದಿನ ಬೆಂಚಿನಿಂದ ಮೂರು ಪ್ರಶ್ನೆ ಬಂದಿದ್ದವು. ಇಡೀ ಸೆಮಿಸ್ಟರಿನಲ್ಲಿ ಅಲ್ಲಿಂದ ಬಂದದ್ದು ಅವು ಮೂರೇ.

ಪ್ರತಿ ಸೆಪ್ಟೆಂಬರ್ 15ಕ್ಕೆ ಸರ್ ಎಂ. ವಿಶ್ವೇಶ್ವರಯ್ಯನವರ ಫೋಟೋಗೆ ಹಾರ ಹಾಕುತ್ತೇವೆ. 1998ರಲ್ಲಿ ಸ್ಥಾಪನೆಯಾದ ನಮ್ಮ ವಿಶ್ವವಿದ್ಯಾಲಯಕ್ಕೆ ಅವರದೇ ಹೆಸರು. ಶಿಸ್ತು, ಸಮಯಪಾಲನೆ ಎಂದು ಭಾಷಣ ಬಿಗಿಯುವವರು ಒಂದು ಸಂಗತಿಯನ್ನು ಮಾತ್ರ ಜಾಣತನದಿಂದ ಬಿಡುತ್ತಾರೆ. ಅಪ್ಪನಿಲ್ಲದ ಹುಡುಗ ವಿಶ್ವೇಶ್ವರಯ್ಯ ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಓದುವಾಗ ಅವರಿವರ ಮಕ್ಕಳಿಗೆ ಮನೆಪಾಠ ಹೇಳಿ ಹೊಟ್ಟೆ ಹೊರೆದ. 1881ರಲ್ಲಿ ಬಿ.ಎ. ಮುಗಿಸಿ ಪುಣೆಗೆ ಎಂಜಿನಿಯರಿಂಗ್ ಓದಲು ಹೋದದ್ದು ಮೈಸೂರು ಸರ್ಕಾರದ ವಿದ್ಯಾರ್ಥಿವೇತನದ ಬಲದಿಂದ. ಕೈ ಹಿಡಿದವರಿದ್ದರು, ಎಂಜಿನಿಯರ್ ಆದ. ಅವನನ್ನು ನಮ್ಮ ಫಸ್ಟ್ ಅವರಿಗೆ ಕಳಿಸಿ ನೋಡಿ. ಮನೆಪಾಠ ಮುಗಿಸಿ ಎಂಟು ನಲವತ್ತಕ್ಕೆ ಬಂದರೆ ನಾನು ‘ಎ’ ಹಾಕುತ್ತೇನೆ.

ನಿಯಮವೇ ಬೇಡವೇ ಎಂದು ಕೇಳುವವರಿಗೆ ಒಂದು ಮಾತು. ನಾನೂ ಅದೇ ನಿಯಮದ ಕೆಳಗೆ ಬಿದ್ದವನು. ಎಂಟೂವರೆ ದಾಟಿದರೆ ನನ್ನ ಬಯೋಮೆಟ್ರಿಕ್ ಕೆಂಪಾಗುತ್ತದೆ, ಅರ್ಧ ದಿನದ ಸಿಎಲ್ ಹೋಗುತ್ತದೆ. ನನ್ನ ಮೂಲ ಅಂಕಪಟ್ಟಿಗಳು ಆಫೀಸಿನ ಬೀರುವಿನಲ್ಲಿ ಒತ್ತೆ ಇವೆ. ಮೇಲಿನವರು ನನ್ನನ್ನು ಎಣಿಸಿದ ಹಾಗೆ ನಾನು ಹುಡುಗರನ್ನು ಎಣಿಸುತ್ತೇನೆ. ಹುಡುಗನ ಹಾಜರಿಯನ್ನು ದಶಾಂಶದವರೆಗೆ ಲೆಕ್ಕ ಹಾಕುವ ಸಾಫ್ಟ್‌ವೇರ್ ಕೊಂಡಿದ್ದಾರೆ. ಅವನ ಬಸ್ಸು ಎಷ್ಟು ಹೊತ್ತಿಗೆ ಬರುತ್ತದೆ, ಸ್ಕಾಲರ್‌ಶಿಪ್ ಎಷ್ಟು ತಿಂಗಳಿಂದ ಬಂದಿಲ್ಲ, ಮಧ್ಯಾಹ್ನ ಉಂಡನೋ ಇಲ್ಲವೋ ಎಂದು ಬರೆದುಕೊಳ್ಳುವ ಒಂದು ಕಾಲಂ ಆ ಸಾಫ್ಟ್‌ವೇರಿನಲ್ಲಿಲ್ಲ. ನಿಜವಾದ ಶಾರ್ಟೇಜ್ ಲಿಸ್ಟ್ ಅಲ್ಲಿಂದ ಶುರುವಾಗಬೇಕು. ಅದರಲ್ಲಿ ಮೊದಲ ಹೆಸರು ಕಾಲೇಜಿನದು, ಎರಡನೆಯದು ನನ್ನದು.

ಮುಂದಿನ ತಿಂಗಳು ನಮ್ಮಲ್ಲಿಗೆ ಮತ್ತೆ ತಪಾಸಣಾ ತಂಡ ಬರುತ್ತದೆ. ಪೆನ್ನುಗಳು ಆಗಲೇ ಬಂದಿವೆ. ಈ ಸಲ ನಾನು ಬರೆಯುವುದಿಲ್ಲ. ನಿಮ್ಮ ಕಾಲೇಜುಗಳಲ್ಲಿ ಡೈರಿ ತುಂಬಲು ಕೂರುವ ಮೇಷ್ಟರುಗಳೇ, ಮೇಡಂಗಳೇ, ನೀವೂ ಬರೆಯಬೇಡಿ. ಮಾತಾಡಿಸದ ಹುಡುಗನ ಪುಟ ಖಾಲಿ ಇರಲಿ. ಖಾಲಿ ಪುಟವನ್ನೇ ಅವರ ಮುಂದೆ ತೆರೆದಿಡಿ.