ಹಿಂದಕ್ಕೆ ಹೋಗುವ ಮುನ್ನ ರೀಲು ನೋಡ್ಕೊಳ್ಳಿ!

ಮೊನ್ನೆ ಹೊಸಪೇಟೆ ಬಸ್ ಸ್ಟ್ಯಾಂಡಿನ ಟೀ ಅಂಗಡಿ ಮುಂದೆ ಇಬ್ಬರು ಹುಡುಗರು ಜಗಳಕ್ಕೆ ನಿಂತಿದ್ದರು. ಕಾಲರ್ ಹಿಡಿಯೋದೊಂದು ಬಾಕಿ! ಹುಡುಗಿ ವಿಷಯವೇ ಇರಬೇಕು ಅಂತ ಗ್ಲಾಸು ಹಿಡಿದು ಹತ್ತಿರ ಸರಿದೆ. ಅಲ್ಲ ಸ್ವಾಮಿ, 2019ರ ‘ಅವೆಂಜರ್ಸ್: ಎಂಡ್‌ಗೇಮ್’ ವಿಷಯ!

‘ಲೇ, ಕ್ಯಾಪ್ಟನ್ ಅಮೆರಿಕ ಹಿಂದಿನ ಕಾಲಕ್ಕ ಹೋಗಿ ಪೆಗ್ಗಿ ಜತಿ ಸಂಸಾರ ಮಾಡಿ, ಮುದುಕ ಆಗಿ ಬಂದು ಬೆಂಚಿನ ಮ್ಯಾಲೆ ಕುಂತ. ಹಂಗಾದ್ರ ಇಷ್ಟು ವರ್ಷ ಇಬ್ರು ಕ್ಯಾಪ್ಟನ್ ಇದ್ರೇನಲೇ?’ ಅಂತ ಒಬ್ಬ. ‘ಅದು ಬ್ಯಾರೆ ಲೋಕ, ನಿನಗ ತಿಳಿಯಂಗಿಲ್ಲ ಬಿಡು’ ಅಂತ ಇನ್ನೊಬ್ಬ.

ನಗಬೇಡಿ. ಈ ಪ್ರಶ್ನೆಗೆ ಚಿತ್ರ ಮಾಡಿದವರಲ್ಲೇ ಒಮ್ಮತ ಇಲ್ಲ. ಚಿತ್ರಕಥೆ ಬರೆದವರು ‘ಅದೇ ಲೋಕ’ ಎಂದರು. ನಿರ್ದೇಶಕರಾದ ರುಸ್ಸೋ ಸೋದರರು ‘ಬೇರೆ ಲೋಕ’ ಎಂದರು. ಅಡುಗೆ ಮಾಡಿದವರೇ ಕಿತ್ತಾಡುವಾಗ ಉಂಡವರು ಕಿತ್ತಾಡಿದರೆ ತಪ್ಪೇನು?

ಇಂಥ ಚಿತ್ರಗಳ ಗಂಟು ಬಿಡಿಸೋಕೆ ನನ್ನ ಹತ್ತಿರ ಒಂದು ಉಪಾಯ ಇದೆ. ನನ್ನದಲ್ಲ, ನಮ್ಮಪ್ಪನದು. ಅಪ್ಪ ಟಾಕೀಸಿನಲ್ಲಿ ಆಪರೇಟರ್ ಆಗಿದ್ದರು. ರೀಲು ಹರಿದರೆ ಕತ್ತರಿಸಿ, ಕೆರೆದು, ಅಂಟು ಹಚ್ಚಿ ಜೋಡಿಸಿದ ಕೈ ಅದು. ಕಾಲದಲ್ಲಿ ಓಡಾಡೋ ಚಿತ್ರಗಳನ್ನೆಲ್ಲ ಅವರು ಮೂರು ಬಗೆ ಮಾಡಿದ್ದರು. ಕತ್ತರಿಸಿ ಅಂಟಿಸಿದ ರೀಲು, ತುದಿಗೆ ತುದಿ ಅಂಟಿಸಿದ ರೀಲು, ಎರಡನೇ ಪ್ರಿಂಟು. ‘ಯಾವುದು ಅಂತ ಮೊದ್ಲು ನೋಡು, ಆಮೇಲೆ ತಪ್ಪು ಹುಡುಕು’ ಅನ್ನೋರು.

ಮೊದಲನೇದಕ್ಕೆ 1985ರ ‘ಬ್ಯಾಕ್ ಟು ದ ಫ್ಯೂಚರ್’ ನೋಡಿ. ಮಾರ್ಟಿ 1955ಕ್ಕೆ ಹೋಗಿ, ಕಾರಿಗೆ ಸಿಕ್ಕಬೇಕಾಗಿದ್ದ ತನ್ನ ಅಪ್ಪನನ್ನು ಪಕ್ಕಕ್ಕೆ ತಳ್ತಾನೆ. ಆ ಪೆಟ್ಟು ಅಪ್ಪನಿಗೆ ಬಿದ್ದು, ಅಮ್ಮನಿಗೆ ಕನಿಕರ ಹುಟ್ಟಿ, ಅದು ಪ್ರೀತಿಯಾಗಬೇಕಿತ್ತು. ಈಗ ಪೆಟ್ಟು ಬಿದ್ದದ್ದು ಮಗನಿಗೆ. ಅಮ್ಮ ಮೆಚ್ಚಿದ್ದೂ ಮಗನನ್ನೇ! ಜೇಬಿನ ಫೋಟೋದಲ್ಲಿ ಮೊದಲು ಅಣ್ಣ, ಆಮೇಲೆ ಅಕ್ಕ ಮಾಯ. ಇಲ್ಲಿ ಇರೋದು ಒಂದೇ ರೀಲು. ಹಿಂದೆ ಕತ್ತರಿ ಹಾಕಿದರೆ ಮುಂದಿನದೆಲ್ಲ ಬದಲು.

ಎರಡನೇದು 1984ರ ‘ದ ಟರ್ಮಿನೇಟರ್’. 2029ರಲ್ಲಿ ಜಾನ್ ಕಾನರ್ ತನ್ನ ತಾಯಿ ಸಾರಾಳನ್ನು ಕಾಪಾಡು ಅಂತ ಕೈಲ್ ರೀಸ್‌ನನ್ನು 1984ಕ್ಕೆ ಕಳಿಸ್ತಾನೆ. ಆ ಕೈಲ್‌ನೇ ಜಾನ್‌ನ ಅಪ್ಪ ಆಗ್ತಾನೆ! ಯುದ್ಧದಲ್ಲಿ ಕೈಲ್ ಇಟ್ಟುಕೊಂಡಿದ್ದ ಸಾರಾಳ ಫೋಟೋ ತೆಗೆದದ್ದು ಯಾವಾಗ? ಅವನು 1984ರಲ್ಲಿ ಸತ್ತ ಮೇಲೆ, ಚಿತ್ರದ ಕೊನೆ ಸೀನಿನಲ್ಲಿ. 1995ರ ‘12 ಮಂಕೀಸ್’ ಕೂಡ ಇದೇ ಜಾತಿ. ವಿಮಾನ ನಿಲ್ದಾಣದಲ್ಲಿ ಒಬ್ಬ ಗುಂಡೇಟಿಗೆ ಬೀಳೋದನ್ನು ಪುಟ್ಟ ಹುಡುಗ ನೋಡ್ತಾನೆ. ಹುಡುಗ ಬೆಳೆದು ತಿರುಗಿ ಬಂದಾಗ ಬೀಳೋನು ಅವನೇ. ಇದರ ಬೇರು ಇರೋದು 1962ರ ಫ್ರೆಂಚ್ ಚಿತ್ರ ‘ಲಾ ಜೆಟೇ’ಯಲ್ಲಿ. ಬರೀ 28 ನಿಮಿಷದ ಚಿತ್ರ, ಬಹುಪಾಲು ಸ್ಥಿರಚಿತ್ರಗಳೇ. ಈ ಬಗೆಯಲ್ಲಿ ಯಾರೂ ಏನನ್ನೂ ಬದಲಾಯಿಸೋಕಾಗಲ್ಲ. ಬದಲಾಯಿಸೋಕೆ ಹೋದದ್ದೂ ಕಥೆಯಲ್ಲಿ ಮೊದಲೇ ಇರುತ್ತೆ.

ಮೂರನೇದು ‘ಎಂಡ್‌ಗೇಮ್’. ಹಿಂದೆ ಹೋಗಿ ಏನು ಮಾಡಿದರೂ ನಿನ್ನ ರೀಲಿಗೆ ಧಕ್ಕೆ ಇಲ್ಲ. ಪಕ್ಕದಲ್ಲಿ ಇನ್ನೊಂದು ಪ್ರಿಂಟು ಹುಟ್ಟುತ್ತೆ, ಅಷ್ಟೆ.

ಈಗ ಒಂದು ಲೆಕ್ಕ. ನೀವು ಹಿಂದಕ್ಕೆ ಹೋಗಿ ನಿಮ್ಮಜ್ಜನ ಮದುವೆ ತಪ್ಪಿಸೋಕೆ ಹೊರಟಿರಿ ಅನ್ನಿ. ಮೊದಲ ಬಗೆಯಲ್ಲಿ ಮದುವೆ ನಿಲ್ಲುತ್ತೆ, ನೀವೂ ಮಾಯ. ಎರಡನೇ ಬಗೆಯಲ್ಲಿ ಮದುವೆ ನಡೆದೇ ನಡೆಯುತ್ತೆ, ಬಹುಶಃ ನಿಮ್ಮ ಕಾರಣದಿಂದಲೇ! ಮೂರನೇ ಬಗೆಯಲ್ಲಿ ಆ ಪ್ರಿಂಟಿನ ಅಜ್ಜ ಬ್ರಹ್ಮಚಾರಿ, ನಿಮ್ಮಜ್ಜ ಸುಖವಾಗಿ ಸಂಸಾರಸ್ಥ. ಒಗಟು ಹುಟ್ಟೋದು ಒಂದು ಬಗೆಯ ಚಿತ್ರವನ್ನು ಇನ್ನೊಂದು ಬಗೆಯ ಕಣ್ಣಿನಿಂದ ನೋಡಿದಾಗ.

ಇಲ್ಲವೇ, ಚಿತ್ರವೇ ತನ್ನ ಮಾತು ಮುರಿದಾಗ. 1989ರ ‘ಬ್ಯಾಕ್ ಟು ದ ಫ್ಯೂಚರ್’ ಎರಡನೇ ಭಾಗದಲ್ಲಿ ಮುದುಕ ಬಿಫ್ 2015ರಿಂದ ಕಾರು ಕದ್ದು 1955ಕ್ಕೆ ಹೋಗಿ, ಆಟಗಳ ಫಲಿತಾಂಶದ ಪುಸ್ತಕವನ್ನು ತರುಣ ಬಿಫ್‌ಗೆ ಕೊಡ್ತಾನೆ. ಲೋಕವೇ ತಲೆಕೆಳಗು! ಹಾಗಿದ್ದರೆ ಅವನು ವಾಪಸ್ ಬರಬೇಕಾದ್ದು ಬದಲಾದ 2015ಕ್ಕೆ ತಾನೆ? ಹಳೇ 2015ಕ್ಕೇ ಬಂದು ಕಾರು ನಿಲ್ಲಿಸ್ತಾನೆ. ಫೋಟೋ ಮಾಯವಾಗೋಕೆ ಹೊತ್ತು ಹಿಡಿದ ಹಾಗೆ ಇದಕ್ಕೂ ಹೊತ್ತು ಬೇಕು ಅಂತ ವಾದಿಸೋರಿದ್ದಾರೆ. ನಾನು ಅರ್ಧ ಒಪ್ತೀನಿ.

1991ರ ‘ಟರ್ಮಿನೇಟರ್ 2’ ಇನ್ನೂ ಘಾಟಿ. ಯುದ್ಧವನ್ನೇ ತಪ್ಪಿಸ್ತೀವಿ ಅಂತ ಹೊರಡ್ತಾರೆ. ಯುದ್ಧ ಇಲ್ಲ ಅಂದ್ರೆ ಕೈಲ್ ಬರಲ್ಲ. ಕೈಲ್ ಬರದಿದ್ರೆ ಜಾನ್ ಎಲ್ಲಿಂದ? ಆದರೂ ನೋಡುವಾಗ ಯಾರೂ ಕೇಳಲ್ಲ. ಯುದ್ಧ ತಪ್ಪಲಿ ಅಂತ ನಮಗೂ ಆಸೆ ಇರುತ್ತಲ್ಲ!

ಆಸೆ ಅಂದಾಗ ನಮ್ಮ ಪಕ್ಕದ ಹಂಪಿ ನೆನಪಾಗುತ್ತೆ. ನಮಗೆ ‘ಹಾಲು ಜೇನು’ ಕೊಟ್ಟ ಸಿಂಗೀತಂ ಶ್ರೀನಿವಾಸರಾವ್ 1991ರಲ್ಲಿ ತೆಲುಗಿನಲ್ಲಿ ‘ಆದಿತ್ಯ 369’ ಮಾಡಿದರು. ಬಾಲಕೃಷ್ಣ ಯಂತ್ರ ಹತ್ತಿ 1526ಕ್ಕೆ, ಕೃಷ್ಣದೇವರಾಯರ ಆಸ್ಥಾನಕ್ಕೇ ಇಳೀತಾರೆ. ಅದನ್ನು ನೋಡುವಾಗೆಲ್ಲ ನನಗೆ ಒಂದೇ ಚಡಪಡಿಕೆ. ಅಯ್ಯಾ, 1565ರಲ್ಲಿ ಏನಾಗುತ್ತೆ ಅಂತ ಯಾರಾದರೂ ಹೇಳಬಾರದೇ? ಆದರೆ ಹಂಪಿ ಉಳಿದಿದ್ದರೆ ಆಮೇಲಿನ ನಾನೂರೈವತ್ತು ವರ್ಷವೇ ಬೇರೆ. ಈ ಟೀ ಅಂಗಡಿ, ಆ ಹುಡುಗರು, ನಾನು ಯಾರೂ ಇರ್ತಿರಲಿಲ್ಲವೇನೋ.

ಮಾರ್ಟಿಗೆ ಆದದ್ದೂ ಇದೇ. ಅವನು ವಾಪಸ್ ಬಂದಾಗ ಮನೆ ಥಳಥಳ, ಅಪ್ಪ ಧೈರ್ಯವಂತ, ಶೆಡ್ಡಿನಲ್ಲಿ ಹೊಸ ಟ್ರಕ್ಕು. ಥಿಯೇಟರ್ ತುಂಬ ಸಿಳ್ಳೆ! ಆದರೆ ಮೆತ್ತಗಿನ, ಹೆದರುಪುಕ್ಕಲ ಆ ಹಳೇ ಅಪ್ಪ ಎಲ್ಲಿ ಹೋದ? ಅವನನ್ನು ನೆನೆಯೋಕೆ ಮಾರ್ಟಿ ಬಿಟ್ಟರೆ ಆ ಮನೆಯಲ್ಲಿ ಯಾರೂ ಇಲ್ಲ.

ಇದನ್ನು ಯಾಕೆ ಹೇಳ್ತಿದೀನಿ ಅಂದ್ರೆ, 2013ರಲ್ಲಿ ಟಾಕೀಸಿಗೆ ರೀಲು ಬರೋದು ನಿಂತು ಅಪ್ಪನ ಕೆಲಸ ಹೋಯ್ತು. ನಾನಾಗ ಪಿಯುಸಿ. ಪರೀಕ್ಷೆ ಫೀಜು ಕಟ್ಟೋ ದಿನ ಅಪ್ಪನ ಮುಖ ನೋಡಿ, ‘ನನಗೆ ಓದು ಹತ್ತಲ್ಲ, ಕಟ್ಟಬೇಡಿ’ ಅಂದೆ. ಸುಳ್ಳು. ಅಪ್ಪ ಒಂದು ಬಿಟ್ಟರು, ಆಮೇಲೆ ವಾರ ಮಾತಾಡಲಿಲ್ಲ. ಮೂರು ವರ್ಷದ ಹಿಂದೆ ತೀರಿಹೋದರು. ಅದು ಸುಳ್ಳು ಅಂತ ಅವರಿಗೆ ಕೊನೆವರೆಗೂ ಹೇಳಲಿಲ್ಲ.

ಯಂತ್ರ ಸಿಕ್ಕರೆ ಆ ದಿನಕ್ಕೇ ಹೋಗಬೇಕು ಅಂತ ಬಹಳ ಸಲ ಅನ್ನಿಸಿದೆ. ಹೋಗಿ ನಿಜ ಹೇಳಿದ್ದರೆ ಅಪ್ಪ ಸಾಲ ಮಾಡಿಯಾದರೂ ಕಟ್ಟೋರು. ನಾನು ಓದು ಮುಗಿಸಿ ಎಲ್ಲೋ ಊರು ಬಿಟ್ಟು ಹೋಗ್ತಿದ್ದೆ. ಕೆಲಸ ಇಲ್ಲದ ಅಪ್ಪ, ಕಾಲೇಜು ಇಲ್ಲದ ಮಗ ಒಂದೇ ಮೊಬೈಲಿನಲ್ಲಿ ತಲೆಗೆ ತಲೆ ಕೊಟ್ಟು ಇಂಥ ಚಿತ್ರ ನೋಡಿದ ರಾತ್ರಿಗಳು ಇರ್ತಿರಲಿಲ್ಲ. ಮೂರು ಬಗೆ ರೀಲಿನ ಲೆಕ್ಕ ಹುಟ್ಟಿದ್ದು ಆ ರಾತ್ರಿಗಳಲ್ಲೇ. ಹಾಗಾಗಿ ಹೋಗಲೋ ಬೇಡವೋ ಇನ್ನೂ ತೀರ್ಮಾನ ಆಗಿಲ್ಲ. ಆದರೆ ನಿಮ್ಮಪ್ಪ ಮನೆಯಲ್ಲಿದ್ದರೆ, ಹೇಳಬೇಕಾದ್ದನ್ನು ಇವತ್ತೇ ಹೇಳಿಬಿಡಿ. ಅದಕ್ಕೆ ಯಂತ್ರ ಬೇಡ.

ಈ ವಾರದ ಒಗಟು: ಮಾರ್ಟಿ 1955ರ ಡ್ಯಾನ್ಸಿನಲ್ಲಿ ‘ಜಾನಿ ಬಿ. ಗುಡ್’ ಹಾಡ್ತಾನೆ. ಚಕ್ ಬೆರಿಯ ಆ ಹಾಡು ಬಂದದ್ದು 1958ರಲ್ಲಿ. ಚಿತ್ರದಲ್ಲಿ ಚಕ್ ಬೆರಿ ಅದನ್ನು ಮೊದಲು ಕೇಳೋದು ಫೋನಿನಲ್ಲಿ, ಮಾರ್ಟಿಯ ಬಾಯಿಂದ. ಮಾರ್ಟಿ ಕಲಿತದ್ದು ಚಕ್ ಬೆರಿಯಿಂದ. ಹಾಗಾದರೆ ಹಾಡು ಕಟ್ಟಿದವರು ಯಾರು? ಯಾವ ಬಗೆ ರೀಲು ಅಂತ ಮೊದಲು ನೋಡಿ, ಆಮೇಲೆ ಕಾರ್ಡು ಹಾಕಿ.